ಪುಸ್ತಕದಲ್ಲಿರದ ರಕ್ತ

ಸುಶೀಲತ್ತೆಯ ಕಣ್ಣಿನ ಬಿಳಿಭಾಗ ಸದಾ ನಸುಹಳದಿ. ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಯಾರಾದರೂ ಕಾಮಾಲೆಯೆಂದು ಸರಿದು ಕೂತರೆ ಅವರ ಕೈ ಹಿಡಿದೆಳೆದು, "ಹುಟ್ಟಿದಾಗಿಂದ ಹಿಂಗ ಅದಾವ್ರಿ, ನಿಮಗೇನ್ ಹತ್ತೂದಿಲ್ಲ, ಬರ್ರಿ ಈ ಕಡಿ" ಎಂದು ಪಕ್ಕಕ್ಕೇ ಕೂರಿಸಿಕೊಳ್ಳುತ್ತಿದ್ದಳು.

ಅಪ್ಪನ ತಂಗಿ ಆಕೆ. ಇಂಗಳೇಶ್ವರದ ಮನೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದಳು. ಹೊಲಿಗೆ ಡೊಂಕಾದರೆ ಬೈಯುವಳು, ಬೈದ ಮೇಲೆ ಶೇಂಗಾ ಹೋಳಿಗೆ ಕೊಡುವಳು. ನಡುನಡುವೆ ದಣಿದು ಗೋಡೆಗೊರಗುವಳು. ರಕ್ತ ಕಡಿಮೆಯೆಂದು ಕಂಡ ವೈದ್ಯರೆಲ್ಲ ಕಬ್ಬಿಣದ ಗುಳಿಗೆ ಬರೆದುಕೊಟ್ಟವರೇ. ಇದ್ದೊಬ್ಬ ಮಗಳು ವೀಣಾಳನ್ನು ನನಗೇ ಕೊಡುವುದೆಂದು, ನಾವಿಬ್ಬರೂ ಶಾಲೆಗೆ ಹೋಗುವಾಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದಳು.

ಮದುವೆಯ ಮಾತು ಗಟ್ಟಿಯಾದ ವರ್ಷ ಅತ್ತೆ ಹೊಲಿಯುತ್ತಲೇ ಬವಳಿ ಬಂದು ಬಿದ್ದಳು. ವಿಜಯಪುರದ ಡಾಕ್ಟರು ಪರೀಕ್ಷೆ ಮಾಡಿಸಿ ಥಲಸೇಮಿಯಾ ಎಂದರು. ತಂದೆತಾಯಿ ಇಬ್ಬರಿಂದಲೂ ಬಂದ ರಕ್ತದ ದೋಷವಂತೆ. ಆಚೆಯ ಮಂಚದಲ್ಲಿ ಮೋರಟಗಿಯ ಪುಟ್ಟ ಹುಡುಗಿಯೊಬ್ಬಳಿಗೆ ರಕ್ತ ಏರಿಸುತ್ತಿದ್ದರು. ಅದೇ ರೋಗ, ಆಕೆಗೆ ತಿಂಗಳು ತಿಂಗಳೂ ರಕ್ತ ಬೇಕು.

"ಆ ಕೂಸಿಗೆ ಹಂಗ್ಯಾಕ, ನನಗ ಹಿಂಗ್ಯಾಕ್ರಿ?" ಎಂದಳು ಅತ್ತೆ.

"ಒಂದೊಂದು ಸೀಮಿ ಮಂದ್ಯಾಗ ಒಂದೊಂದು ನಮೂನಿ ದೋಷ ಇರತೈತಿ ನೋಡವಾ. ಕೆಲವು ಜೋರು, ಕೆಲವು ಸೌಮ್ಯ. ನಮ್ಮ ಪುಸ್ತಕದಾಗ ಇರೂದು ಹೆಚ್ಚಾಗಿ ಬ್ಯಾರೆ ದೇಶದ ಮಂದಿ ರಕ್ತ."

"ಹಂಗಾರ ನಾ ಪುಸ್ತಕದಾಗ ಇಲ್ಲೇ ಇಲ್ಲೇನ್ರಿ?" ಅತ್ತೆ ನಕ್ಕಳು. ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ. ವೀಣಾ ಮತ್ತು ನಾನು ಇಬ್ಬರೂ ರಕ್ತ ಪರೀಕ್ಷೆ ಮಾಡಿಸಬೇಕೆಂದು ಅವರು ಆಗಷ್ಟೇ ಹೇಳಿದ್ದರು.

ಇಬ್ಬರಲ್ಲೂ ಒಂದೊಂದು ದೋಷ ಸಿಕ್ಕಿತು. ನಮಗದರಿಂದ ತೊಂದರೆಯಿಲ್ಲ, ಆದರೆ ಎರಡೂ ಮಗುವಿಗೆ ಬಂದರೆ ಅದಕ್ಕೆ ರೋಗ. ಅತ್ತೆಯಂಥದೋ, ಆ ಹುಡುಗಿಯಂಥದೋ? ತಿಳಿಯಲೆಂದು ರಕ್ತವನ್ನು ದೂರದ ಪ್ರಯೋಗಾಲಯಕ್ಕೂ ಕಳಿಸಿದೆವು. ಈ ದೋಷ ಕೆಲವು ಕಡೆಯ ಜನರಲ್ಲಿ ಜೋರು, ಕೆಲವು ಕಡೆ ಸೌಮ್ಯ, ನಿಮ್ಮ ಭಾಗದವರ ಬಗ್ಗೆ ಮಾಹಿತಿ ಸಾಲದು ಎಂದು ಉತ್ತರ ಬಂತು. ಸಿಂದಗಿಯ ವೈದ್ಯರೊಬ್ಬರು ಧೈರ್ಯ ಮಾಡಿ ಎಂದರು. ಸೊಲ್ಲಾಪುರದವರು ಬೇಡವೆಂದರು. ಗರ್ಭದಲ್ಲೇ ಪರೀಕ್ಷಿಸಬಹುದು ಎಂದರು ಇನ್ನೊಬ್ಬರು. "ನೀ ಹೂಂ ಅನ್ನು, ಮುಂದಿಂದು ಮುಂದ ನೋಡೂಣು" ಎಂದಳು ವೀಣಾ. ನಾನು ಹೂಂ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ.

ಕಡೆಗೆ ಅತ್ತೆಯೇ ಬಂದು ಅಪ್ಪನ ಮುಂದೆ ಕೂತಳು. "ಅಣ್ಣಾ, ಈ ಲಗ್ನ ಬ್ಯಾಡ. ನನ್ನ ದಣಿವು ನನಗ ಗೊತ್ತೈತಿ. ಇದಕ್ಕಿಂತ ಜೋರ ಬಂದ್ರ ಕೂಸು ಹೆಂಗ ತಾಳೀತು?" ಮರುವರ್ಷ ಇಂಡಿ ಊರಿನ ಮಾಸ್ತರರೊಬ್ಬರಿಗೆ, ಅವರ ರಕ್ತ ತಪಾಸಣೆ ಮಾಡಿಸಿಯೇ, ಮಗಳನ್ನು ಕೊಟ್ಟಳು. ಅಕ್ಕಿಕಾಳು ಹಾಕಲು ನಾನೂ ಹೋಗಿದ್ದೆ. ವೀಣಾ ನನ್ನ ಕಡೆ ನೋಡಲಿಲ್ಲ.

ಕೊನೆಯ ಸಲ ಅತ್ತೆಯನ್ನು ಕಂಡಾಗ ಜ್ವರದಲ್ಲಿ ಮಲಗಿದ್ದಳು.

"ಖರೇ ಹೇಳು. ನಾ ಮಾಡಿದ್ದು ಬರೋಬ್ಬರಿ ಆತೇನು?"

"ನನಗ ತಿಳಿವಲ್ದು ಅತ್ತಿ."

"ನನಗೂ ತಿಳಿವಲ್ದಪಾ" ಎಂದು ಹೊದಿಕೆ ಎಳೆದುಕೊಂಡಳು.

ಆ ಜ್ವರದಲ್ಲೇ ಹೋದಳು. ಮಣ್ಣು ಮಾಡಿ ಬಂದ ಸಂಜೆ ವೀಣಾ ಅಂಗಳದಲ್ಲಿ ನನ್ನ ಹತ್ತಿರ ಬಂದು ನಿಂತಳು. ಮದುವೆಯ ನಂತರ ಅವಳು ಮಾತಾಡಿದ್ದು ಅದೇ ಮೊದಲು.

"ಬರೋಬ್ಬರಿ ಆತೇನಂತ ಅವ್ವ ನಿನಗೂ ಕೇಳಿದ್ಲೇನು?"

ಹೌದೆಂದೆ.

"ನಾ, ಬರೋಬ್ಬರಿ ಮಾಡೀದಿ ಯವ್ವಾ ಅಂದ್ನಿ" ಎಂದಳು. "ಸುಳ್ಳು ಹೇಳಿದ್ನೋ, ಖರೇ ಹೇಳಿದ್ನೋ, ನನಗೂ ಗೊತ್ತಿಲ್ಲ" ಎಂದಳು.