ಮುದ್ದಮ್ಮ ಡಾಕ್ಟರ ಮುಂದೆ ಬಾಯಿಬಿಟ್ಟ ದಿನ

"ತಲೆ ಬಾಚ್ಬ್ಯಾಡ, ಮುಖಾನೂ ತೊಳೀಬ್ಯಾಡ," ಅಂದಳು ಅಕ್ಕ ಚಲುವಮ್ಮ. "ಏನ್ ಕೇಳುದ್ರೂ ಸುಮ್ನೆ ಪಿಳಿಪಿಳಿ ನೋಡು. ಆಗ ಸರ್ಟಿಫಿಕೇಟು ಕೊಡ್ತಾರೆ."

ಮುದ್ದಮ್ಮ ಕೈಗೆತ್ತಿಕೊಂಡಿದ್ದ ಬಾಚಣಿಗೆ ಕೆಳಗಿಟ್ಟಳು. ದೇವನೂರಿನಲ್ಲಿ ಕೂಲಿ ಮಾಡಿಕೊಂಡಿದ್ದ ಅವಳಿಗೆ ಆರು ವರ್ಷದಿಂದ, ಸುತ್ತ ಯಾರೂ ಇಲ್ಲದಿದ್ದರೂ ಒಂದು ದನಿ ಕೇಳಿಸುತ್ತಿತ್ತು. ಮೈಸೂರಿನ ಆಸ್ಪತ್ರೆಯ ಮಾತ್ರೆಯಿಂದ ಅದು ತಗ್ಗಿತ್ತು, ಹೋಗಿರಲಿಲ್ಲ. ಕೆಲವು ವಾರ ಒಲೆ ಹಚ್ಚಲೂ ಆಗದೆ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಗಂಡ ಬಿಟ್ಟುಹೋಗಿದ್ದ. ಮಗಳು ರೋಜಾ ಅಕ್ಕನ ಮನೆಯಲ್ಲೇ ಉಣ್ಣುತ್ತಿದ್ದಳು. ಅಂಗವಿಕಲರ ಪಿಂಚಣಿಗೆ ಅರ್ಜಿ ಕೊಟ್ಟಾಗ ವಿಲೇಜ್ ಅಕೌಂಟೆಂಟು ಪುಟ್ಟಬಸವಯ್ಯ, "ಕೈಕಾಲು ನೆಟ್ಟಗವಲ್ಲಮ್ಮ! ಡಾಕ್ಟ್ರು ಬರ್ಕೊಟ್ರೆ ನೋಡುಮ," ಅಂದಿದ್ದರು.

ಹುಚ್ಚಿಯ ಹಾಗೆ ನಟಿಸಿದರೆ ಆ ದನಿ ಜೋರಾಗಿಬಿಟ್ಟರೆ? ಡಾಕ್ಟರು ಆಸ್ಪತ್ರೆಯಲ್ಲೇ ಕೂಡಿಹಾಕಿದರೆ? ರೋಜಾಳ ಗತಿಯೇನು?

೨೦೦೩ರ ಒಂದು ಬುಧವಾರ ಅಂಗವಿಕಲರಿಗೆ ಸರ್ಟಿಫಿಕೇಟು ಕೊಡುವ ನಂಜನಗೂಡಿನ ಕ್ಯಾಂಪಿನಲ್ಲಿ ಪೋಲಿಯೋ ಆದವರು, ಕಣ್ಣಿಲ್ಲದವರು ಸಾಲಾಗಿ ಕೂತಿದ್ದರು. "ನಿಂಗೇನವ್ವ ಆಗಿರೋದು?" ಅಂದ ಪಕ್ಕದ ಮುದುಕ. ಮುದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಸರು ಕೂಗಿದಾಗ ಅಕ್ಕ ರಟ್ಟೆ ಹಿಡಿದು ಎಬ್ಬಿಸಿದಳು.

"ಏನು ತೊಂದರೆ?" ಅಂದರು ಡಾಕ್ಟರು.

"ಇವಳ್ಗೇನೂ ತಿಳಿಯಾಕಿಲ್ಲ ಸಾ," ಅಂದಳು ಚಲುವಮ್ಮ.

ಆ ಮಾತು ಮುದ್ದಮ್ಮನಿಗೆ ಚುಚ್ಚಿತು. "ತಿಳೀತದೆ ಸಾ," ಅಂದುಬಿಟ್ಟಳು. "ತಿಳಿಯೋದ್ಕೇ ಎದ್ರಿಕೆ. ಒಲದಲ್ಲಿ ಪೈರು ಕುಯ್ತಿದ್ರೆ, ಕಿವೀಲೊಂದು ದನಿ ಬಾವಿಗೆ ಬೀಳು ಅಂತದೆ. ಕುಡ್ಲು ಬಿಸಾಕಿ ಓಡಿ ಬತ್ತೀನಿ. ಆಮೇಕೆ ಯಾರೂ ಕೂಲಿಗೆ ಕರೆಯಾಕಿಲ್ಲ. ಇವತ್ತು ಉಸಾರಾಗಿವ್ನಿ. ನಾಳೆ ಗೊತ್ತಿಲ್ಲ."

ಚಲುವಮ್ಮ ತಲೆ ಮೇಲೆ ಕೈ ಹೊತ್ತಳು. ಡಾಕ್ಟರು ಹಳೆಯ ಮಾತ್ರೆಚೀಟಿಗಳನ್ನೆಲ್ಲ ತಿರುವಿಹಾಕಿ, ಇನ್ನೂ ಏನೇನೋ ಕೇಳಿ, ಬಹಳ ಹೊತ್ತು ಬರೆದರು. ಅಷ್ಟೂ ಹೊತ್ತು ಮುದ್ದಮ್ಮ ಬಾಗಿಲನ್ನೇ ನೋಡುತ್ತಿದ್ದಳು, ಯಾರಾದರೂ ಅಗುಳಿ ಹಾಕಿಬಿಡುತ್ತಾರೇನೋ ಅಂತ.

"ನನ್ನ ಇಲ್ಲೇ ಇಟ್ಕೋತೀರಾ ಸಾ?"

"ಯಾಕಮ್ಮ? ಮನೆಗೆ ಹೋಗಿ. ಮಾತ್ರೆ ಮಾತ್ರ ಬಿಡಬೇಡಿ," ಅಂದು ಡಾಕ್ಟರು ಸರ್ಟಿಫಿಕೇಟು ಕೈಗಿಟ್ಟರು.

ಪಿಂಚಣಿ ಬಂದದ್ದು ಎಂಟು ತಿಂಗಳ ಮೇಲೆ. ಪೋಸ್ಟ್‌ಮ್ಯಾನ್ ಗೋವಿಂದಯ್ಯ ಮನಿಯಾರ್ಡರ್ ತಂದಾಗ ಎದುರು ಮನೆಯ ಜವರಮ್ಮ, "ಎಂಥ ದುಡ್ಡು ಕಣೆ ಇದು?" ಅಂತ ಕೇಳಿಯೇಬಿಟ್ಟಳು. "ಸರ್ಕಾರದ್ದು," ಅಂದು ಮುದ್ದಮ್ಮ ಒಳಗೆ ಓಡಿದಳು. ಸಂಜೆ ಆ ದುಡ್ಡಲ್ಲಿ ಅಕ್ಕಿ ತಂದು ಒಲೆ ಹಚ್ಚಿದಳು. ಅವತ್ತು ರೋಜಾ ತಾಯಿಯ ಮನೆಯಲ್ಲೇ ಉಂಡು, ಅಲ್ಲೇ ಮಲಗಿದಳು.