ಗಿರಣಿಯವರ ಎರಡನೇ ಮಗನಾಗಿ ಆಡಿದ್ದು

ನಾನು ಕಬಡ್ಡಿ ಆಡಿ ಹೊಟ್ಟೆ ಹೊರೆದವನು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಕಡೆ ಹೀಗೂ ಬದುಕಬಹುದೆಂದು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಕೊಟ್ಟೂರಿನ ಶೇಂಗಾ ಮಿಲ್ಲೊಂದರಲ್ಲಿ ಚೀಲ ಹೊರುತ್ತಿದ್ದೆ, ಉಳಿದ ದಿನ ಯಾವ ಊರಿನವರು ಕರೆದರೆ ಆ ಊರಿಗೆ ಆಡುತ್ತಿದ್ದೆ. ಬಸ್ ಚಾರ್ಜು, ಎರಡು ಹೊತ್ತು ಊಟ, ಕೈಗೊಂದಿಷ್ಟು. ಗೆದ್ದರೆ ಮೇಲೊಂದು ಸ್ಟೀಲ್ ಬಿಂದಿಗೆ. ಮನೆಯಲ್ಲಿ ಬಿಂದಿಗೆಗಳು ಎಷ್ಟಾದವೆಂದರೆ, ಓಣಿಯ ಮದುವೆಗಳಿಗೆಲ್ಲ ಅವ್ವ ಅವನ್ನೇ ಮುಯ್ಯಿ ಕೊಟ್ಟಳು.

ಟೂರ್ನಮೆಂಟುಗಳಲ್ಲಿ ಒಂದೇ ಕಟ್ಟುನಿಟ್ಟು. ಆಯಾ ಊರಿನ ಹುಡುಗರೇ ಆಡಬೇಕು, ಹೊರಗಿನವನು ಸಿಕ್ಕಿಬಿದ್ದರೆ ಇಡೀ ತಂಡ ಹೊರಗೆ. ಹಾಗಾಗಿ ಕರೆಸಿದ ಊರಿನವರು ಚಹಾಕ್ಕಿಂತ ಮೊದಲು ನನಗೊಂದು ಹೆಸರು ಕೊಡುತ್ತಿದ್ದರು. ಪಟ್ಟಿಯಲ್ಲಿ ತಂದೆಯ ಹೆಸರೂ ಇರುತ್ತಿತ್ತು. ಎರಡನ್ನೂ ಬಾಯಿಪಾಠ ಮಾಡಿಕೊಂಡೇ ಅಂಕಣಕ್ಕಿಳಿಯಬೇಕು. ನೀಲಗುಂದದ ಹತ್ತಿರದ ಒಂದು ಊರಿನಲ್ಲಿ ಮೇಷ್ಟ್ರ ಅಳಿಯನಾಗಿದ್ದೆ, ಹಡಗಲಿ ಕಡೆ ಹೂವಿನ ವ್ಯಾಪಾರಿಯೊಬ್ಬರ ತಮ್ಮನಾಗಿದ್ದೆ. ಕೂಡ್ಲಿಗಿ ತಾಲೂಕಿನಲ್ಲಿ ಒಮ್ಮೆ ತಂದೆಯ ಹೆಸರು ಮರೆತು ತಡಬಡಿಸಿದಾಗ ತಂಡದವನೊಬ್ಬ, ‘ಅವನಿಗೆ ಅಪ್ಪ ಅಂದ್ರ ಅಷ್ಟು ಹೆದರಿಕಿ ನೋಡ್ರಿ’ ಎಂದು ಮಾನ ಉಳಿಸಿದ.

ಬರಬರುತ್ತ ಅಂಪೈರುಗಳಿಗೆ ನನ್ನ ಮುಖ ಪರಿಚಯವಾಯಿತು. ‘ನೀ ಕೊಟ್ಟೂರಾಂವ ಅಲ್ಲೇನಲೇ?’ ಎಂದು ಕೇಳಿದರೆ ‘ಅಲ್ರಿ’ ಎನ್ನಬೇಕು, ಕಣ್ಣು ತಗ್ಗಿಸಬಾರದು. ಇದನ್ನು ನಾನು ರೈಡಿಗಿಂತ ಹೆಚ್ಚು ಅಭ್ಯಾಸ ಮಾಡಿದ್ದೆ. ಮೊದಮೊದಲು ಎದೆ ಹೊಡೆದುಕೊಳ್ಳುತ್ತಿತ್ತು, ಆಮೇಲೆ ಏನೂ ಆಗುತ್ತಿರಲಿಲ್ಲ. ಗೆದ್ದಾಗಲೂ ಏನೂ ಆಗುತ್ತಿರಲಿಲ್ಲ. ಮೈಕಿನಲ್ಲಿ ಯಾರದೋ ಹೆಸರು ಕೂಗಿ ಹೊಗಳುವರು, ಜನ ಸಿಳ್ಳೆ ಹೊಡೆಯುವರು. ಆಚೆ ಓಣಿಯ ಮದುವೆಯ ವಾಲಗ ಕೇಳಿದ ಹಾಗೆ ಅದನ್ನು ಕೇಳುತ್ತ ನಾನು ಮೊಣಕೈಯ ಮಣ್ಣು ಒರೆಸಿಕೊಳ್ಳುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಸಲ ನಾನಾದದ್ದು ಉಚ್ಚಂಗಿದುರ್ಗದ ದಾರಿಯ ಒಂದು ಹಳ್ಳಿಯ ಹಿಟ್ಟಿನ ಗಿರಣಿಯವರ ಎರಡನೇ ಮಗ. ಅವನದೂ ನನ್ನದೇ ವಯಸ್ಸು, ನನ್ನಷ್ಟೇ ಎತ್ತರ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ, ನಾನು ಆಗಿರಲಿಲ್ಲ. ನಾನು ಅವನಾಗಿ ಆಡುವ ದಿನ ಅವನು ಮೈದಾನದ ಹತ್ತಿರ ಸುಳಿಯುವಂತಿರಲಿಲ್ಲ. ಗಿರಣಿಯ ಬಾಗಿಲು ಎಳೆದುಕೊಂಡು ಒಳಗೆ ಕೂತಿರುತ್ತಿದ್ದ. ಸಂಜೆ ನಾನು ಹೋದೊಡನೆ ತಲೆಯ ಮೇಲಿನ ಹಿಟ್ಟು ಕೊಡವಿಕೊಂಡು ಕೇಳುತ್ತಿದ್ದ: ‘ಇವತ್ತು ನಾ ಹೆಂಗ ಆಡಿದೆ?’

‘ಛಲೋ ಆಡಿದಿ’ ಎನ್ನುತ್ತಿದ್ದೆ. ಸರ್ಟಿಫಿಕೇಟುಗಳೆಲ್ಲ ಅವನ ಮನೆಯ ಟ್ರಂಕು ಸೇರಿದವು. ಅವನ ಹೆಸರಿದ್ದ ಕಾಗದಗಳನ್ನು ನಾನು ಒಯ್ದು ಏನು ಮಾಡಲಿ.

ಒಮ್ಮೆ ಹಡಗಲಿಯಲ್ಲಿ ದೊಡ್ಡ ಟೂರ್ನಮೆಂಟು. ಆವತ್ತೂ ನಾನು ಗಿರಣಿಯವರ ಮಗ. ಒಂದೇ ರೈಡಿನಲ್ಲಿ ನಾಲ್ವರನ್ನು ಮುಟ್ಟಿ ಬಂದೆ. ಯಾವುದೋ ಇಲಾಖೆಯ ತಂಡದ ಕೋಚ್ ಒಬ್ಬರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರಂತೆ, ಪಟ್ಟಿ ತರಿಸಿ ಹೆಸರು ಬರೆದುಕೊಂಡರು. ಎರಡು ತಿಂಗಳ ಮೇಲೆ ಗಿರಣಿಗೆ ಕಾಗದ ಬಂತು. ಬಳ್ಳಾರಿಯಲ್ಲಿ ಆಯ್ಕೆ ನಡೆಯುತ್ತದೆ, ಆಯ್ಕೆಯಾದವರಿಗೆ ಇಲಾಖೆಯಲ್ಲಿ ನೌಕರಿ. ಅದನ್ನು ಹಿಡಿದುಕೊಂಡು ಅವನು ಕೊಟ್ಟೂರಿನ ಮಿಲ್ಲಿಗೇ ಬಂದ.

‘ಇದು ನಿಂಗ ಬಂದದ್ದು’ ಅಂದ. ‘ಆದ್ರ ಹೆಸರು ನಂದೈತಿ. ಏನ್ ಮಾಡಾಣ ಹೇಳು.’

ಅವನ ಹೆಸರಲ್ಲಿ ನಾನು ಹೋದರೆ ನೌಕರಿಗೆ ಸೇರುವ ಹೊತ್ತಿಗೆ ಸಿಕ್ಕಿಬೀಳುತ್ತಿದ್ದೆ. ನನ್ನ ಹೆಸರಲ್ಲೇ ಹೋಗೋಣವೆಂದರೆ ನಾನು ಆಡಿದ್ದೇನೆ ಎನ್ನುವುದಕ್ಕೆ ಒಂದು ತುಂಡು ಕಾಗದ ಇರಲಿಲ್ಲ. ಕೊನೆಗೆ ಅವನ ಅಪ್ಪ ದಾರಿ ಹುಡುಕಿದರು. ಮಗನೇ ಹೋಗಲಿ, ನಾನು ಅವನಿಗೆ ಒಂದು ತಿಂಗಳು ಆಟ ಕಲಿಸಲಿ.

‘ಇವನ ಹೆಸರು ಇಷ್ಟು ದೊಡ್ಡದು ಮಾಡಿದಾಂವ ನೀನ ಅಲ್ಲೇನಪ’ ಎಂದರು. ‘ಇನ್ನೊಂದು ತಿಂಗಳು ಏನ್ ಮಹಾ.’

ಆ ಮಾತಿಗೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೂಂ ಅಂದೆ.

ಆ ತಿಂಗಳು ಅವರ ಮನೆಯಲ್ಲೇ ಉಂಡು ಮಲಗಿದೆ. ಗಿರಣಿಯ ಹಿಂದಿನ ಬಯಲಲ್ಲಿ ಗೆರೆ ಎಳೆದು ದಿನಾ ಬೆಳಿಗ್ಗೆ ಕಲಿಸಿದೆ. ಉಸಿರು ಕಡಿಯಬೇಡ, ಎದುರಿನವನ ಕಣ್ಣು ನೋಡಬೇಡ, ಸೊಂಟ ನೋಡು, ಅವನು ಯಾವ ಕಡೆ ಹಾರುತ್ತಾನೆಂದು ಅದೇ ಹೇಳುತ್ತದೆ. ನನಗೆ ಯಾರೂ ಹೇಳಿಕೊಡದ್ದನ್ನೆಲ್ಲ ಹೇಳಿಕೊಟ್ಟೆ. ಅವನೂ ಬೇಸರಿಸದೆ ಹೇಳಿದ್ದೆಲ್ಲ ಮಾಡುತ್ತಿದ್ದ. ನಡುಗೆರೆ ದಾಟಿದ ಕೂಡಲೇ ಎಲ್ಲವನ್ನೂ ಮರೆಯುತ್ತಿದ್ದ.

ಆಯ್ಕೆಯ ದಿನ ಅವನಿಗೆ ಧೈರ್ಯಕ್ಕೆಂದು ನಾನೂ ಬಳ್ಳಾರಿಗೆ ಹೋದೆ. ಅವನ ಚಪ್ಪಲಿ, ಚೀಲ ಕಾಯುತ್ತ ಬೇವಿನ ಮರದ ಕೆಳಗೆ ಕೂತೆ. ಮೊದಲ ರೈಡಿನಲ್ಲೇ ಎದುರಿನವರ ಕೈಗೆ ಕಾಲು ಕೊಟ್ಟು ಬಿದ್ದ. ಎರಡನೆಯದರಲ್ಲೂ ಬಿದ್ದ. ಕೋಚ್ ಅವನನ್ನು ನೋಡಿದರು, ಕೈಯಲ್ಲಿದ್ದ ಪಟ್ಟಿ ನೋಡಿದರು, ಸುತ್ತ ಕೂತವರ ಮೇಲೆ ಕಣ್ಣಾಡಿಸಿ ನೆಟ್ಟಗೆ ನನ್ನ ಹತ್ತಿರ ಬಂದರು.

‘ಹಡಗಲಿಯಲ್ಲಿ ಆಡಿದವನು ನೀನು ತಾನೆ?’ ಎಂದು ಮೆಲ್ಲಗೆ ಕೇಳಿದರು. ‘ಹೆದರಬೇಡ. ಹೌದಾದರೆ ಈಗಲೇ ಅಂಕಣಕ್ಕೆ ಇಳಿ. ನಿನ್ನ ಹೆಸರು ಏನಾದರೂ ಇರಲಿ, ಕಾಗದ ಪತ್ರದ ವಿಚಾರ ನನಗೆ ಬಿಡು.’

‘ಅಲ್ರಿ ಸರ್’ ಅಂದೆ.

ಯೋಚಿಸಿ ಹೇಳಿದ್ದಲ್ಲ. ಗೆಳೆಯನ ಮಾನ ಕಾಯಲು ಹಾಗೆ ಹೇಳಿದೆ ಎಂದರೆ ಕೇಳುವುದಕ್ಕೆ ಚಂದ, ಆದರೆ ಸುಳ್ಳು. ಪ್ರಶ್ನೆ ಬಂತು, ಉತ್ತರ ತಾನಾಗಿ ಬಾಯಿಂದ ಬಿತ್ತು. ಕಣ್ಣು ಕೂಡ ತಗ್ಗಲಿಲ್ಲ. ಅವರು ನನ್ನ ಮೊಣಕೈಯ ಕಲೆಗಳನ್ನು ನೋಡುತ್ತ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರು. ಅಷ್ಟು ಹೊತ್ತಿನಲ್ಲಿ ಹೌದು ಅನ್ನಬಹುದಿತ್ತು. ಅವರು ಹೊರಟುಹೋದರು.

ಅವನು ಆಯ್ಕೆಯಾಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟೆವು. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ನಿಂತಾಗ ಅವನು ಇಳಿದು ಮಂಡಕ್ಕಿ ಕಟ್ಟಿಸಿಕೊಂಡು ಬಂದ. ಅರ್ಧ ನನ್ನ ಕೈಗಿಟ್ಟು ಕೇಳಿದ:

‘ಆ ಸಾಹೇಬ್ರು ನಿನ್ನ ಹತ್ರ ಬಂದು ಏನ್ ಕೇಳಿದ್ರು?’

‘ನಿನ್ನ ಬಗ್ಗೆನ ಕೇಳಿದ್ರು. ಹಡಗಲ್ಯಾಗ ಭಾಳ ಛಲೋ ಆಡಿದ್ದ, ಇವತ್ತೇನಾತು ಅಂತ.’

ಅವನ ಮುಖ ಅರಳಿತು. ‘ಹಂಗ ಅಂದ್ರಾ? ಅಷ್ಟು ನೆನಪಿಟ್ಟಾರಾ?’

‘ಹೂಂ. ಅಂಥಾ ರೈಡ್ ನೋಡೇ ಇಲ್ಲ ಅಂದ್ರು’ ಎಂದೆ. ಅದು ಅವರು ಹೇಳದ ಮಾತು. ಹೇಳಿ ಮುಗಿಸುವಷ್ಟರಲ್ಲಿ ನನಗೆ ಅಳು ಬಂತು. ಎಷ್ಟು ವರ್ಷಗಳದ್ದೋ ಏನೋ, ಮುಂದಿನ ಸೀಟಿನ ಕಂಬಿಗೆ ಹಣೆ ಒತ್ತಿಕೊಂಡು ಕೊಟ್ಟೂರು ಬರುವವರೆಗೂ ಅತ್ತೆ. ಅವನು ಪಾಪ, ಮಂಡಕ್ಕಿ ಪೊಟ್ಟಣ ಬದಿಗಿಟ್ಟು ನನ್ನ ಬೆನ್ನು ಸವರುತ್ತಿದ್ದ.

‘ಸುಮ್ಕಿರು’ ಅಂದ. ‘ನೌಕರಿ ಹೋದದ್ದು ನಂದು. ನೀ ಯಾಕ ಅಳ್ತಿ?’