ಈರಣ್ಣ ಮಾವನ ಟೀ ಲೋಟ

ಟೀ ಬಂದರೆ ಈರಣ್ಣ ಮಾವ ತನ್ನ ಲೋಟವನ್ನು ಎದುರಿಗಿದ್ದವರ ಕಡೆ ತಳ್ಳಿ, ಅವರದನ್ನು ತಾನು ಎತ್ತಿಕೊಳ್ಳುತ್ತಿದ್ದ. ಬೀಗರಿರಲಿ, ಹೆಡ್‌ಮಾಸ್ಟರೇ ಇರಲಿ, ಬಿಡುತ್ತಿರಲಿಲ್ಲ. ಕೇಳಿದರೆ, "ಯಾರ ಮನ್ಸಲ್ಲಿ ಏನೈತೋ ಯಾವನಿಗ್ಗೊತ್ತು ಕಣ್ಲಾ" ಎನ್ನುತ್ತಿದ್ದ.

ಮಿಡಿಗೇಶಿಯ ಈ ಗಣಿತದ ಮೇಷ್ಟ್ರು, ನನ್ನ ಸೋದರಮಾವ, ಚೆಸ್‌ನಲ್ಲಿ ಗಟ್ಟಿಗ. ಆದರೂ ಟೂರ್ನಮೆಂಟಿನಲ್ಲಿ ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ಎದುರಾಳಿ ಕೆಮ್ಮಿದರೆ ಅದು ಸನ್ನೆ. ಕಿಟಕಿಯತ್ತ ನೋಡಿದರೆ ಆಚೆ ಯಾರೋ ನಿಂತಿದ್ದಾರೆ. ಆಟಕ್ಕಿಂತ ಪತ್ತೇದಾರಿಯೇ ಹೆಚ್ಚು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದಾಗ, "ಶಿರಾದ್ದೇ ನನ್ನ ಕೊನೇ ಟೂರ್ನಮೆಂಟು. ಕಪ್ ತಗೊಂಡೇ ಬತ್ತೀನಿ" ಎಂದು ನನ್ನನ್ನೂ ಬಸ್ಸು ಹತ್ತಿಸಿದ.

ಫೈನಲ್‌ನಲ್ಲಿ ಎದುರಿಗೆ ಕೂತವರು ಶಿರಾದ ರಹಮತ್ ಸಾಹೇಬರು. ಇಬ್ಬರೂ ಸಮಬಲದವರು. ಕೊನೆಗೆ ಸಾಹೇಬರ ಸಿಪಾಯಿಯೊಂದು ಆಚೆ ತುದಿ ಮುಟ್ಟಿತು. ಅಂಥ ಸಿಪಾಯಿಯನ್ನು ಯಾರಾದರೂ ರಾಣಿ ಮಾಡಿಕೊಳ್ಳುತ್ತಾರೆ. ರಾಣಿ ಬಂದಿದ್ದರೆ ಮಾವನ ಕಥೆ ಮುಗಿದಂತೆ. ಆದರೆ ಸಾಹೇಬರು ಅದರ ಬದಲು ಕುದುರೆ ಇಟ್ಟರು. ಆ ಕುದುರೆಯಿಂದ ಏನೂ ಆಗುವಂತಿರಲಿಲ್ಲ. ಮಾವ ಆನೆಯನ್ನು ಮುಂದೆ ಸರಿಸಿದರೆ ಸಾಕು, ಆಟ ಅವನದು. ದೂರ ನಿಂತಿದ್ದ ನನಗೇ ಅದು ಕಾಣುತ್ತಿತ್ತು. ಅವನ ಕೈ ಏಳಲಿಲ್ಲ. ಕುದುರೆಯನ್ನು ನೋಡಿದ, ಸಾಹೇಬರ ಮುಖ ನೋಡಿದ, ಮತ್ತೆ ಕುದುರೆಯನ್ನು ನೋಡಿದ. ಅಷ್ಟರಲ್ಲಿ ಗಡಿಯಾರದಲ್ಲಿ ಅವನ ಸಮಯ ಮುಗಿದು ಆಟ ಸೋತ.

"ಬೇಕಂತ್ಲೇ ಇಕ್ಕವ್ನೆ. ಅದ್ರಾಗೇನೋ ಐತೆ" ಎಂದು ದಾರಿಯುದ್ದಕ್ಕೂ ಗೊಣಗಿದ.

ಮುಂದಿನ ವಾರ ಸಾಹೇಬರು ಕಪ್ ಹಿಡಿದುಕೊಂಡು ಮಿಡಿಗೇಶಿಗೇ ಬಂದರು. "ಮೇಷ್ಟ್ರೇ, ನಮ್ ದಾದಾ, ಅಂದ್ರೆ ಅಜ್ಜ, ಹಳೇ ಆಟ ಕಲ್ಸಿದ್ರು. ಅದ್ರಲ್ಲಿ ಸಿಪಾಯಿ ಕುದ್ರೆ ಮನೆಗೆ ಹೋದ್ರೆ ಕುದ್ರೇನೇ ಆಗ್ಬೇಕು. ಟೈಮ್ ಕಮ್ಮಿ ಇತ್ತು, ಕೈ ಅದನ್ನೇ ಇಟ್ಬುಡ್ತು. ಇದು ನಿಮ್ದು."

ಮಾವ ಕಪ್ಪನ್ನು ಬೋರಲು ಹಾಕಿ ಅಲ್ಲಾಡಿಸಿದ, ಒಳಗೆ ಇಣುಕಿದ. ಆಮೇಲೆ ಪಂಚೆಯ ಚುಂಗಿನಿಂದ ಅದನ್ನು ಒರೆಸಿದ.

"ನಮ್ಮಜ್ಜನೂ ಅಂಗೇ ಆಡ್ಸ್ತಿದ್ದ ಸಾಹೇಬ್ರೇ. ನಂಗದು ಹೊಳೀಲೇ ಇಲ್ಲ ನೋಡಿ" ಎಂದು ಕಪ್ಪನ್ನು ಅವರ ಕೈಗೇ ವಾಪಸು ಕೊಟ್ಟ.

ಅತ್ತೆ ಟೀ ತಂದಿಟ್ಟಳು. ಲೋಟ ಅದಲುಬದಲಾಗುವುದನ್ನೇ ನಾನು ಕಾಯುತ್ತಿದ್ದೆ. ಮಾವ ತನ್ನ ಮುಂದಿದ್ದದ್ದನ್ನೇ ಎತ್ತಿ ಗುಟುಕರಿಸಿ ಮುಖ ಹಿಂಡಿದ.

"ಸಕ್ಕರೇನೇ ಹಾಕಿಲ್ಲ ಇವ್ಳು. ಬದ್ಲಾಯಿಸ್ಕೋಬೇಕಿತ್ತು."

ಆದರೂ ಪೂರ್ತಿ ಕುಡಿದ. ಮಾವ ತೀರಿಕೊಳ್ಳುವ ಮುನ್ನ ನಾನು ಅವನನ್ನು ಕೊನೆಯ ಸಲ ನೋಡಿದ್ದು ಅಂದೇ. ಈಗಲೂ ಮಿಡಿಗೇಶಿಗೆ ಹೋದರೆ ಅತ್ತೆ ಟೀ ಕೊಡುತ್ತಾಳೆ. ನನ್ನ ಲೋಟ ನನ್ನ ಮುಂದೆಯೇ ಇರುತ್ತದೆ.